ಸಾಹೇಬರಿಗೆ ಕಾಣಲೆಂದು ಬಿಟ್ಟ ಬಿರುಕು

ಮಳೆ ಹಿಡಿದು ನಾಲ್ಕಾರು ದಿನವಾದ ಮೇಲೆ ನೆನೆದ ತೆಂಗಿನ ಮಡಲು ಒಂದು ವಾಸನೆ ಬಿಡುತ್ತದೆ. ಅದನ್ನು ಪರಿಮಳ ಅನ್ನುವ ಹಾಗಿಲ್ಲ, ನಾತ ಅಂದರೂ ಅನ್ಯಾಯವಾಗುತ್ತದೆ. ಹಸಿ ನಾರು, ಉಪ್ಪುಗಾಳಿ, ನಿಂತ ನೀರು ಎಲ್ಲ ಅದರಲ್ಲಿ ಸೇರಿರುತ್ತದೆ. ಕುಮಟೆಯಲ್ಲಿ ನಾನೀಗ ಇರುವ ಬೀದಿಯಲ್ಲಿ ಎಲ್ಲರದೂ ಸಿಮೆಂಟಿನ ಮನೆ. ಆದರೂ ಹಿತ್ತಿಲಾಚೆಯ ಮುದುಕಿಯೊಬ್ಬರು ತಮ್ಮ ಕಟ್ಟಿಗೆ ಕೊಟ್ಟಿಗೆಗೆ ಇವತ್ತಿಗೂ ಹಟ ಹಿಡಿದು ಮಡಲು ಕಟ್ಟಿಸುತ್ತಾರೆ. ಆಷಾಢದಲ್ಲಿ ಗಾಳಿ ತಿರುಗಿದಾಗ ಆ ವಾಸನೆ ನನ್ನ ಅಡುಗೆಮನೆಗೆ ಬರುತ್ತದೆ, ಒಲೆಯ ಮೇಲಿನ ಸಾರು ಉಕ್ಕಿದ್ದೂ ನನಗೆ ಗೊತ್ತಾಗುವುದಿಲ್ಲ. ಬೇರೆಯವರಿಗೆ ಬಾಲ್ಯ ಎಂದರೆ ಮಲ್ಲಿಗೆ, ಹೊಸ ಪುಸ್ತಕ, ಅಜ್ಜಿಯ ಸೀರೆಯ ಘಮ. ನನ್ನ ಪಾಲಿಗೆ ಬಂದದ್ದು ಇದು. ಅದರಲ್ಲೂ, ಈ ವಾಸನೆ ಬರಲೇಬೇಕಿದ್ದು ಬಾರದೇ ಹೋದ ಒಂದು ಮಳೆಗಾಲ.

ನಮ್ಮ ಮನೆ ಹೊನ್ನಾವರದ ಆಚೆ ದಡದಲ್ಲಿ, ಕಾಸರಕೋಡಿನ ಮೀನುಗಾರರ ಕೇರಿಯಲ್ಲಿತ್ತು. ಶರಾವತಿ ಸಮುದ್ರ ಸೇರುವ ಬಾಯಿ ಅಲ್ಲಿಂದ ಕಾಣುತ್ತಿತ್ತು. ಇದು ಎಪ್ಪತ್ತರ ದಶಕದ ಕೊನೆಯ ಮಾತು. ಮನೆಯಲ್ಲಿ ಅಪ್ಪ, ಅಜ್ಜಿ, ಅಕ್ಕ ಮತ್ತು ನಾನು. ಅಮ್ಮ ನನಗೆ ನೆನಪು ಹುಟ್ಟುವ ಮೊದಲೇ ಹೋಗಿದ್ದಳು. ಅಂಗಳದ ತುಂಬ ಬಿಸಿಲಿದ್ದಷ್ಟು ದಿನ ತಾರ್ಲೆ ಮೀನು ಒಣಗುತ್ತಿತ್ತು, ಮಾಡಿನ ಕೆಳಗೆ ಬಲೆ ತೂಗುತ್ತಿತ್ತು, ಉಂಡ ಕೈ ತೊಳೆದರೂ ಬೆರಳಿನಲ್ಲಿ ಮೀನಿನ ನೆಣ ಉಳಿಯುತ್ತಿತ್ತು. ಅಜ್ಜಿಯ ಬಾಯಿ ಕೇರಿಯಲ್ಲೇ ಹೆಸರುವಾಸಿ. ಅವಳು ಬೈದರೆ ಕಾಗೆಯೂ ಒಣಮೀನು ಬಿಟ್ಟು ಹಾರುತ್ತಿತ್ತು. ಅಪ್ಪ ಅದಕ್ಕೆ ತದ್ವಿರುದ್ಧ, ಮಾತು ಕಡಿಮೆ, ಆಸೆ ಜಾಸ್ತಿ. ತನಗೆ ರುಜು ಹಾಕಲು ಬಾರದು ಎಂಬ ಸಂಕಟ ಅವನಿಗೆ ಸಮುದ್ರದ ಮೇಲೂ ಮರೆಯುತ್ತಿರಲಿಲ್ಲವಂತೆ.

ಕೇರಿಯ ತುದಿಯಲ್ಲಿ, ಗಾಳಿಮರಗಳ ಪಕ್ಕ ನಮ್ಮ ಶಾಲೆ. ಮುಂಬೈ ಸರ್ಕಾರದ ಕಾಲದಲ್ಲಿ ಚಿರೇಕಲ್ಲು ಮತ್ತು ಮಣ್ಣಿನಲ್ಲಿ ಕಟ್ಟಿದ್ದು, ಮೇಲೆ ಮಂಗಳೂರು ಹಂಚು. ಏಳನೆಯ ಇಯತ್ತೆಯವರೆಗೆ ಪಾಠ. ಸಮುದ್ರದ ಮಳೆ ನೇರವಾಗಿ ಬಂದು ಹೊಡೆಯುವುದು ಪಶ್ಚಿಮದ ಗೋಡೆಗೆ. ಅದಕ್ಕಾಗಿ ಪ್ರತಿವರ್ಷ ಮೃಗಶಿರ ಮಳೆಗೆ ಮುಂಚೆ ಕೇರಿಯವರೆಲ್ಲ ಸೇರಿ ಶಾಲೆಗೆ ಜಡಿ ತಟ್ಟಿ ಕಟ್ಟುತ್ತಿದ್ದರು. ಹೆಂಗಸರು ಮಡಲು ಹೆಣೆಯುವುದು, ಗಂಡಸರು ಬಿದಿರಿನ ಗಳಕ್ಕೆ ಅದನ್ನು ಬಿಗಿದು ಗೋಡೆಗೆ ಮರೆಯಾಗಿ ನಿಲ್ಲಿಸುವುದು. ದೋಣಿಯನ್ನು ದಡಕ್ಕೆಳೆದು ಹೊದಿಸಿದ ಮೇಲೆ ಮುಂದಿನ ಕೆಲಸವೇ ಶಾಲೆಗೆ ಹೊದಿಸುವುದು. ಅದನ್ನು ಯಾರೂ ಯಾರಿಗೂ ಹೇಳಬೇಕಿರಲಿಲ್ಲ. ಮಳೆಗಾಲವಿಡೀ ತರಗತಿಯೊಳಗೆ ಹಗಲಿನಲ್ಲೂ ಮಬ್ಬು, ಕಿಟಕಿಯ ಹೊರಗೆ ಹಸಿರು ಹೋಗಿ ಕಂದಾಗುವ ಮಡಲು, ಮತ್ತು ಆ ವಾಸನೆ. ಗೋಡೆ ಮಾತ್ರ ಒಣಗಿಯೇ ಇರುತ್ತಿತ್ತು.

ಅಕ್ಕ ಮಾದೇವಿ ಆ ವರ್ಷ ಏಳನೆಯ ಇಯತ್ತೆಗೆ ಬಂದಿದ್ದಳು. ನಮ್ಮ ಮನೆಯಲ್ಲಷ್ಟೇ ಅಲ್ಲ, ಕೇರಿಯ ಆ ಸಾಲಿನಲ್ಲೇ ಅಷ್ಟು ದೂರ ಬಂದ ಮೊದಲ ಹುಡುಗಿ. ಅಜ್ಜಿಗೆ ಅದು ಸರಿ ಕಾಣುತ್ತಿರಲಿಲ್ಲ. "ದೊಡ್ಡವಳಾದ್ಲು. ಇನ್ನು ಮೀನು ಕೊಯ್ಯೂಕೆ ಕೂರೂದು ಬಿಟ್ಟು ಎಂತಾ ಓದು?" ಎಂದು ದಿನವೂ ಶುರು ಮಾಡುತ್ತಿದ್ದಳು. ಹೊಳೆ ದಾಟಿ ಪೇಟೆಯ ಶಾಲೆಗೆ ಹೆಣ್ಣುಮಕ್ಕಳು ಹೋಗುವ ಮಾತಂತೂ ನಮ್ಮಲ್ಲಿ ಇರಲೇ ಇಲ್ಲ. ಕೊನೆಗೆ ಅಪ್ಪ ಒಂದು ರಾಜಿ ಮಾಡಿಕೊಂಡ. "ಮನೆ ಬಾಗಿಲಲ್ಲೇ ಶಾಲೆ ಅದೆಯಲ. ಅದು ಇದ್ದಷ್ಟು ಓದ್ಲಿ. ಹೊಳೆ ದಾಟಸೂದಿಲ್ಲ, ಆತಾ?" ಎಂದ. ಅಜ್ಜಿ ಗೊಣಗುತ್ತ ಒಪ್ಪಿದಳು. ಏಳನೆಯ ಪರೀಕ್ಷೆ ಪಾಸಾದರೆ ಬಾಲವಾಡಿಯಲ್ಲಿ ಕೆಲಸ ಸಿಗಬಹುದು ಎಂದು ಮಾಸ್ತರರು ಹೇಳಿದ್ದನ್ನು ಅಕ್ಕ ಎದೆಯಲ್ಲಿಟ್ಟುಕೊಂಡಿದ್ದಳು. ಹೀಗೆ ಅವಳ ಓದೆಲ್ಲ ಆ ನಾಲ್ಕು ಗೋಡೆಗಳನ್ನು ನೆಚ್ಚಿಕೊಂಡಿತ್ತು.

ಆ ಗೋಡೆಗಳಲ್ಲಿ ಒಂದು ಬಿರಿದಿತ್ತು. ಪಶ್ಚಿಮದ್ದೇ, ಏಳನೆಯವರು ಕೂರುವ ಕೋಣೆಯದ್ದೇ. ಎರಡನೆಯದರಲ್ಲಿದ್ದ ನಾನೂ ಅದೇ ಕೋಣೆಯ ಇನ್ನೊಂದು ಬದಿಗೆ ಕೂರುತ್ತಿದ್ದೆ. ಕಿಟಕಿಯ ಮೂಲೆಯಿಂದ ಮಾಡಿನವರೆಗೆ ಒಂದು ಗೆರೆ ಏರಿತ್ತು. ನಮ್ಮ ಮಾಸ್ತರರು ಕುಮಟೆ ಕಡೆಯವರು, ಸಣಕಲು ಮನುಷ್ಯ. ಅಪ್ಪನನ್ನು ಕಟ್ಟಿಕೊಂಡು ಹೊನ್ನಾವರದ ಕಚೇರಿಗಳಿಗೆ ಅಲೆದು, ಶಾಲೆಯ ರಿಪೇರಿಗೆ ಅನುದಾನ ಕೇಳಿ ಚಪ್ಪಲಿ ಸವೆಸಿದ್ದರು. ಆ ಬೇಸಗೆಯ ಕೊನೆಗೆ ಅದು ಮಂಜೂರಾಯಿತು. ಮಾಸ್ತರರು ದೋಣಿಯಿಂದ ಇಳಿಯುವ ಮೊದಲೇ ಕೂಗಿ ಹೇಳಿದರು. ಅಪ್ಪ ಅಂದು ಕೇರಿಗೆಲ್ಲ ಬೆಲ್ಲ ಹಂಚಿದ. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸುವುದರಲ್ಲಿ ನಮ್ಮವರನ್ನು ಮೀರಿಸುವವರಿಲ್ಲ. ಇನ್ನು ಉಳಿದದ್ದು ಇಷ್ಟೇ. ಇಂಜಿನಿಯರ್ ಸಾಹೇಬರು ಬಂದು ಬಿರುಕನ್ನು ಕಣ್ಣಾರೆ ನೋಡಿ ಅಳತೆ ತೆಗೆದುಕೊಳ್ಳಬೇಕು, ಆಮೇಲೆ ಕೆಲಸ ಶುರು.

ಜಡಿ ತಟ್ಟಿಯ ದಿನ ಬಂದಾಗ ಹೆಂಗಸರು ವಾಡಿಕೆಯಂತೆ ಮಡಲು ಹೊತ್ತು ಶಾಲೆಯಂಗಳಕ್ಕೆ ಬಂದರು. ಅಪ್ಪ ತಡೆದ. ಅವನಿಗೆ ಹೊಸ ಧೈರ್ಯ ಬಂದಿತ್ತು, ಮಾತೂ ಬಂದಿತ್ತು. "ತಟ್ಟಿ ಕಟ್ಟಿದ್ರೆ ಬಿರುಕು ಮುಚ್ಚಿ ಹೋಗ್ತದೆ. ಸಾಹೇಬ್ರು ಬಂದು ಎಂತ ಕಾಣೂದು? ಗೋಡೆ ಚಂದ ಅದೆ ಅಂತ ಬರ್ಕಂಡು ಹೋದ್ರೆ?" ಎಂದ. ಎಲ್ಲರಿಗೂ ಹೌದೆನ್ನಿಸಿತು. ಇನ್ನೊಬ್ಬರು, "ಸರ್ಕಾರ ಪಟ್ಟೆಸೀರೆ ಉಡಸ್ತೆ ಅಂತ ಹೇಳಿರೂವಾಗ ನಾವು ಹರಕು ಗೋಣಿ ಹೊದ್ಸೂದಾ?" ಎಂದು ನಗಿಸಿದರು. ಹೆಣೆದ ಮಡಲನ್ನು ಅವರವರ ಮನೆಗೆ ಒಯ್ದು ಕೊಟ್ಟಿಗೆಗೆ ಕಟ್ಟಿಕೊಂಡರು. ವೈದ್ಯರಿಗೆ ತೋರಿಸಲೆಂದು ಗಾಯದ ಬಟ್ಟೆ ಬಿಚ್ಚಿ ಕೂರುವ ರೋಗಿಯ ಹಾಗೆ ನಮ್ಮ ಶಾಲೆ ಪಡುವಣಕ್ಕೆ ಮುಖ ಮಾಡಿ ಬರಿಮೈಯಲ್ಲಿ ನಿಂತಿತು. ಮಾಸ್ತರರು ಬಿರುಕನ್ನೊಮ್ಮೆ ಬೆರಳಿನಲ್ಲಿ ಮುಟ್ಟಿ ನೋಡಿ ಒಳಗೆ ಹೋದದ್ದು ನನಗೆ ನೆನಪಿದೆ. ಅವರಿಗೂ ಅನುದಾನ ಕೈತಪ್ಪೀತೆಂಬ ಭಯವಿತ್ತು.

ಮಳೆ ಬಂತು. ಮೊದಲ ದಿನ ಗೋಡೆಯ ಬುಡ ಕಪ್ಪಾಯಿತು, ಆಮೇಲೆ ಆ ಕಪ್ಪು ದಿನದಿನಕ್ಕೆ ಮೇಲೇರಿತು. ತಟ್ಟಿಯಿಲ್ಲದ್ದರಿಂದ ಆ ವರ್ಷ ತರಗತಿಯಲ್ಲಿ ಎಂದೂ ಇಲ್ಲದ ಬೆಳಕಿತ್ತು. ಆ ಬೆಳಕೇ ನನಗೆ ಹೆದರಿಕೆ ಹುಟ್ಟಿಸುತ್ತಿತ್ತು. ಅಕ್ಕ ಬಿರುಕಿಗೆ ತನ್ನ ತಲೆಪಿನ್ನು ಸಿಕ್ಕಿಸಿ ನೋಡುತ್ತಿದ್ದಳು. ಸ್ವಲ್ಪ ದಿನಕ್ಕೆ ಅಲ್ಲಿ ಬಳಪ ಹಿಡಿಸಿತು, ಆಮೇಲೆ ಕಿರುಬೆರಳು. ಒಂದು ದಿನ ಅಂಗೈಯನ್ನೇ ಅಡ್ಡ ಮಾಡಿ ಒಳಗೆ ತೂರಿಸಿ, "ಒಳಗೆ ತಣ್ಣಗದೆ, ಗಾಳಿ ಬತ್ತದೆ ಮಾರಾಯ್ತಿ" ಎಂದಳು. ಪಾಠದ ನಡುವೆ ಎಲ್ಲರೂ ಸುಮ್ಮನಾದಾಗ ಗೋಡೆಯೊಳಗೆ ಮಣ್ಣು ಉದುರುವ ಸದ್ದು ಕೇಳುತ್ತಿತ್ತು, ಯಾರೋ ಮೊರದಲ್ಲಿ ಅಕ್ಕಿ ಕೇರಿದಂತೆ. ಮಾಸ್ತರರು ಆಗ ದನಿ ಏರಿಸಿ ಮಗ್ಗಿ ಹೇಳಿಸುತ್ತಿದ್ದರು. ದೊಡ್ಡ ಮಕ್ಕಳನ್ನು ಆ ಗೋಡೆಯಿಂದ ದೂರ, ಪೂರ್ವದ ಬದಿಗೆ ಕೂರಿಸಿದರು. ಸಾಹೇಬರು ಮಾತ್ರ ಬರಲಿಲ್ಲ. ಒಮ್ಮೆ ಹೊಳೆ ತುಂಬಿದೆ ಅಂದರು, ಒಮ್ಮೆ ಭಟ್ಕಳದ ಕಡೆ ಜೀಪು ಹೂತಿದೆ ಅಂದರು. ಪ್ರತಿಸಲವೂ ಈ ವಾರ ಖಂಡಿತ ಎಂಬ ಸುದ್ದಿ ಬರುತ್ತಿತ್ತು. ಅಪ್ಪ ಪ್ರತಿಸಲವೂ ಅದನ್ನು ನಂಬುತ್ತಿದ್ದ.

ಕೊನೆಗೆ ತಾಳ್ಮೆ ಕೆಟ್ಟದ್ದು ಅಜ್ಜಿಗೆ. ಒಂದು ಬೆಳಿಗ್ಗೆ ನಮ್ಮ ಬಚ್ಚಲಿಗೆ ಕಟ್ಟಿದ್ದ ತಟ್ಟಿಯನ್ನೇ ಬಿಚ್ಚಿ, ಕಂಬಳಿ ಕೊಪ್ಪೆ ಹೊದ್ದುಕೊಂಡು, ಆ ಮಳೆಯಲ್ಲಿ ಶಾಲೆಯವರೆಗೆ ಎಳೆದುಕೊಂಡು ಹೋದಳು. ಅಕ್ಕ ಇನ್ನೊಂದು ತುದಿ ಹಿಡಿದಳು. ಇಬ್ಬರೂ ಸೇರಿ ಬಿರುಕಿಗೆ ಅಡ್ಡ ನಿಲ್ಲಿಸಿ ಹುರಿಯಿಂದ ಬಿಗಿಯುವಷ್ಟರಲ್ಲಿ ಅಪ್ಪ ಓಡಿ ಬಂದ. ಮರುದಿನ ಸಾಹೇಬರು ಬರುವುದು ನಿಶ್ಚಯವಾಗಿದೆ ಎಂದು ಅವನಿಗೆ ಆಗಷ್ಟೇ ಸುದ್ದಿ ಸಿಕ್ಕಿತ್ತು. "ನಾಳೆ ಒಂದು ದಿನ ಅಬ್ಬೇ, ಒಂದೇ ದಿನ" ಎನ್ನುತ್ತ ಹುರಿ ಬಿಚ್ಚತೊಡಗಿದ. ಅಜ್ಜಿ ಅವನ ಕೈ ಹಿಡಿದಳು. "ಸಾಹೇಬ ಬತ್ತ ಅಂತ ಗೋಡೆಗೆ ಗೊತ್ತದೆಯಾ? ಕೂಸು ಓದೂದು ಬ್ಯಾಡ ಅಂತ ಹೇಳಿದವಳು ನಾನು. ಶಾಲೆ ಬೀಳ್ಲಿ ಅಂತ ನಾ ಯಾವಾಗ ಹೇಳಿದೆ?" ಎಂದಳು. ಅಪ್ಪ ಗಂಟು ಬಿಚ್ಚಿದ. ಅಕ್ಕ ಅಪ್ಪನನ್ನೂ ನೋಡಿದಳು, ಗೋಡೆಯನ್ನೂ ನೋಡಿದಳು. ಮರುದಿನ ಸಾಹೇಬರು ಬರಲಿಲ್ಲ.

ಗೋಡೆ ಬಿದ್ದದ್ದು ನಾಗರಪಂಚಮಿಯ ದಿನ, ಮಧ್ಯಾಹ್ನ, ಮಳೆ ಬಿಟ್ಟು ಸ್ವಲ್ಪ ಹೊಳವಾಗಿದ್ದಾಗ. ಅಜ್ಜಿ ಅರಿಶಿನ ಎಲೆಯ ಕಡುಬು ಬಡಿಸುತ್ತಿದ್ದಳು. ಮೊದಲು ಹಂಚು ಜಾರುವ ಸದ್ದು, ಆಮೇಲೆ ಬಹಳ ಹೊತ್ತು ಏನೂ ಇಲ್ಲ, ಆಮೇಲೆ ನೆಲದೊಳಗಿನಿಂದ ಬಂದಂತೆ ಒಂದು ದೊಡ್ಡ ಉಸಿರು. ಎಲೆ ಬಿಟ್ಟು ಎಲ್ಲರೂ ಓಡಿದೆವು. ಪಶ್ಚಿಮದ ಗೋಡೆಯ ಜಾಗದಲ್ಲಿ ಸಮುದ್ರ ಕಾಣುತ್ತಿತ್ತು. ತೊಲೆಗಳು ಜಾರಿ ಉಳಿದ ಗೋಡೆಗಳನ್ನೂ ಒರಗಿಸಿದ್ದವು. ಬೆಂಚುಗಳು ಕೆಂಪು ಕೆಸರಿನಡಿ ಹೋಗಿದ್ದವು. ಹಬ್ಬದ ರಜೆಯಾದ್ದರಿಂದ ಒಳಗೆ ಒಂದು ನಾಯಿಯೂ ಇರಲಿಲ್ಲ. ಹೆಂಗಸರು ಅಲ್ಲೇ ಕೈಮುಗಿದರು. ನಾಗಪ್ಪನೇ ಮಕ್ಕಳನ್ನು ಕಾದ, ಯಾರಿಗೂ ಎಂತದೂ ಆಗಲಿಲ್ಲ ಎಂದು ಒಬ್ಬರಿಗೊಬ್ಬರು ಹೇಳಿಕೊಂಡು ಅತ್ತರು, ನಕ್ಕರು. ಸಂಜೆ ದೇವರಿಗೆ ಕಾಯಿ ಒಡೆದರು. ಅದೆಲ್ಲ ನಿಜವೇ, ಆ ಸಮಾಧಾನ ಸುಳ್ಳಲ್ಲ. ಆದರೆ ಆ ಗದ್ದಲದ ನಡುವೆ ಅಕ್ಕ ಅಪ್ಪನ ಹತ್ತಿರ ಹೋಗಿ, "ನಾಳೆ ಶಾಲೆ ಎಲ್ಲಿ?" ಎಂದು ಕೇಳಿದಳು. ಅಪ್ಪ ಒಂದು ಹಂಚನ್ನು ಎತ್ತಿ, ಒಡೆದಿದೆಯೋ ಇಲ್ಲವೋ ನೋಡುತ್ತ ನಿಂತ.

ಚಿಕ್ಕವರಿಗೆ ಗುಡಿಯ ಜಗಲಿಯಲ್ಲಿ ಪಾಠ ಶುರುವಾಯಿತು. ಅಲ್ಲಿ ಜಾಗ ಸಾಲದ್ದರಿಂದ ಆರು, ಏಳನೆಯವರನ್ನು ಹೊಳೆಯಾಚೆಯ ಶಾಲೆಗೆ ಸೇರಿಸಿದರು. ಹುಡುಗರು ದೋಣಿಯಲ್ಲಿ ಹೋದರು. ಅಕ್ಕ ಹೋಗಲಿಲ್ಲ, ಹೋಗುತ್ತೇನೆಂದು ಕೇಳಲೂ ಇಲ್ಲ. ಕೊಟ್ಟ ಮಾತು ಮನೆಯಲ್ಲಿ ಎಲ್ಲರಿಗೂ ನೆನಪಿತ್ತು. ಅಜ್ಜಿ ಗೆದ್ದವಳಂತೆ ಕಾಣಲಿಲ್ಲ. ಅಕ್ಕನ ಕೈಗೆ ಮೀನು ಕೊಯ್ಯುವ ಕತ್ತಿ ಕೊಟ್ಟ ದಿನ ಅವಳು ಯಾರಿಗೂ ಬೈಯಲಿಲ್ಲ, ಕಾಗೆಗಳು ನಿರಾತಂಕವಾಗಿ ಅಂಗಳಕ್ಕಿಳಿದವು.

ದೀಪಾವಳಿ ಕಳೆದ ಮೇಲೆ ಸಾಹೇಬರು ಬಂದರು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಅನ್ನುತ್ತಾರಲ್ಲ, ಹಾಗೆ. ಕೆಟ್ಟ ಮನುಷ್ಯರೇನಲ್ಲ. ಮಣ್ಣಿನ ಗುಡ್ಡೆಯನ್ನು ಸುತ್ತು ಹಾಕಿ, ಬೆವರು ಒರೆಸಿಕೊಂಡು, ಮಂಜೂರಾದದ್ದು ರಿಪೇರಿಗೆ, ಇಲ್ಲಿ ರಿಪೇರಿ ಮಾಡಲು ಗೋಡೆಯೇ ಇಲ್ಲವಲ್ಲ ಎಂದರು. ಬಿದ್ದ ಶಾಲೆಗೆ ಹೊಸ ಕಟ್ಟಡದ ಅನುದಾನ ಬೇರೆಯೇ ಕೇಳಬೇಕು, ಇದು ವಾಪಸು ಹೋಗುತ್ತದೆ. ಅಪ್ಪ ಬಿರುಕು ಇದ್ದ ಜಾಗವನ್ನು ಗಾಳಿಯಲ್ಲಿ ಕೈಯಿಂದ ತೋರಿಸುತ್ತಲೇ ಇದ್ದ. "ಇಲ್ಲೇ ಇತ್ತು ಸಾಯ್ಬ್ರೆ, ಇಲ್ಲಿಂದ ಅಲ್ಲಿವರೆಗೆ. ನಿಮಗೆ ಕಾಣ್ಲಿ ಅಂತ್ಲೇ ಬಿಟ್ಟಿದ್ದು." ಸಾಹೇಬರು ತಲೆ ತಗ್ಗಿಸಿದರು. ನನಗೆ ಅಪ್ಪನ ಮೇಲೆ ಬಂದಷ್ಟು ಸಿಟ್ಟು, ಬಂದಷ್ಟು ಕನಿಕರ ಮುಂದೆ ಜೀವನದಲ್ಲಿ ಯಾರ ಮೇಲೂ ಬರಲಿಲ್ಲ.

ಅಲ್ಲಿಂದ ಅಪ್ಪ ವರ್ಷಗಟ್ಟಲೆ ಕಚೇರಿಗೆ ಅಲೆದ. ಬಲೆ ಹೆಣೆಯುವುದು ಬಿಟ್ಟ ದಿನವೂ ಅಲೆಯುವುದು ಬಿಡಲಿಲ್ಲ. ಆ ನಡುವೆ ಅಕ್ಕನನ್ನು ಭಟ್ಕಳದ ಹತ್ತಿರ ಬೆಳಕೆ ಎಂಬ ಊರಿಗೆ ಕೊಟ್ಟೆವು. ಎಂಬತ್ತರ ದಶಕ ಶುರುವಾದ ಮೇಲೆ ಹೊಸ ಶಾಲೆ ಎದ್ದಿತು. ಸಿಮೆಂಟಿನ ಗೋಡೆ, ನೀಲಿ ಬಾಗಿಲು. ಉದ್ಘಾಟನೆಗೆ ಅಕ್ಕನೂ ಬಂದಿದ್ದಳು, ಚೊಚ್ಚಲ ಬಸುರಿ. ಭಾಷಣ ಮುಗಿದು ಜನ ಚದುರಿದ ಮೇಲೆ ಅವಳು ಏಳನೆಯ ಕೋಣೆಯ ಬಾಗಿಲಲ್ಲಿ ನಿಂತಳು. ಅಪ್ಪ ಮೆಲ್ಲಗೆ, "ಒಳಗೆ ಹೋಗು ಮಗಾ, ಒಂದು ಗಳಿಗೆ ಕೂತ್ಕಂಡು ಬಾ" ಎಂದ. ಅಕ್ಕ ನಕ್ಕಳು. "ಈ ಹೊಟ್ಟೆ ಹೊತ್ಕಂಡು ಬೆಂಚಿನ ಮೇಲೆ ಕೂತ್ರೆ ಮಕ್ಳು ನೆಗಾಡ್ತ್ರು ಅಪ್ಪಾ" ಎಂದು ನನ್ನನ್ನು ಒಳಗೆ ದೂಡಿದಳು. ಅಪ್ಪ ಗಾಳಿಮರದ ಹಿಂದೆ ಹೋದವನು ಬಹಳ ಹೊತ್ತು ಬರಲಿಲ್ಲ.

ಆ ಕೋಣೆಯಲ್ಲಿ ಏಳನೆಯದನ್ನು ಓದಿದ್ದು ನಾನು. ಈಗ ಅಪ್ಪ ಇಲ್ಲ, ಅಜ್ಜಿ ಇಲ್ಲ, ನಮ್ಮ ಮನೆಯಿದ್ದ ಮರಳನ್ನು ಕಡಲು ಯಾವಾಗಲೋ ಒಯ್ದಿದೆ. ಅಕ್ಕನೂ ಹೋದಳು. ಇದ್ದಷ್ಟು ದಿನ, ತವರಿಗೆ ಬಂದಾಗಲೆಲ್ಲ, ಆಮೇಲೆ ಕುಮಟೆಯ ನನ್ನ ಮನೆಗೆ ಬಂದಾಗಲೂ, ಕೈಯಲ್ಲಿ ಏನಾದರೂ ಕೆಲಸ ಹಿಡಿದುಕೊಂಡು, ನನ್ನ ಮುಖ ನೋಡದೆ ಒಂದು ಮಾತು ಕೇಳುತ್ತಿದ್ದಳು: "ಪಂಚಮಿ ಆದ್ಮೇಲೆ ಏಳನೇದ್ರ ಪುಸ್ತಕದಲ್ಲಿ ಎಂತ ಇತ್ತೆ?" ನಾನು ನೆನಪಿದ್ದಷ್ಟು ಪಾಠಗಳನ್ನು ಒಂದೊಂದಾಗಿ ಹೇಳುತ್ತಿದ್ದೆ. ಅವಳು ಬಂಗಡೆಯ ಹೊಟ್ಟೆ ಬಗೆಯುತ್ತ ಹೂಂಗುಟ್ಟುತ್ತಿದ್ದಳು, ಮುಂದಿನ ಸಲ ಬಂದಾಗ ಮೊದಲಿನಿಂದ ಕೇಳುತ್ತಿದ್ದಳು. ಈಗ ಕೇಳುವವರು ಇಲ್ಲ, ಹೇಳಹೇಳುತ್ತ ಉಳಿದಿದ್ದ ಆ ಪಾಠಗಳು ನನಗೂ ಮರೆಯುತ್ತಿವೆ.