ಮರಿಲಿಂಗಪ್ಪನವರ ಹದಿನೇಳನೆಯ ಬಿಯರು

ಮರಿಲಿಂಗಪ್ಪನವರಿಗೆ ಬಿಯರು ಕುಡಿಯುವ ಚಟವಿತ್ತೆಂದು ಭೀಮರಾಯನಗುಡಿಯ ಕ್ಯಾಂಪಿನಲ್ಲಿ ಈಗಲೂ ಹೇಳುವವರಿದ್ದಾರೆ. ಹೇಳುವವರ ಬಾಯಿ ಮುಚ್ಚಿಸಲು ಆಗುವುದಿಲ್ಲ. ತಿಂಗಳಿಗೆ ಎರಡು ಲೋಟ ಕುಡಿದರೆ ಅದೇ ಅವರಿಗೆ ಹೆಚ್ಚು. ಅವರಿಗಿದ್ದದ್ದು ಬಿಯರು ಮಾಡುವ ಚಟ. ಅದೂ ಒಂದೇ ಒಂದು ಬಿಯರು. 1991ರ ಮೇ ತಿಂಗಳಲ್ಲಿ ಒಂದು ಸಲ ಕುಡಿದಿದ್ದರು. ಆಮೇಲೆ ಶಹಾಪುರ, ಸುರಪುರ, ಯಾದಗಿರಿಯ ಯಾವ ಅಂಗಡಿಯಲ್ಲೂ ಅದು ಸಿಗಲಿಲ್ಲ.

ಅವರು ಕೃಷಿ ಕಾಲೇಜಿನ ಬೀಜ ಪರೀಕ್ಷೆಯ ಕೋಣೆಯಲ್ಲಿ ಅಟೆಂಡರ್. ನಾನು ಅದೇ ಕಟ್ಟಡದಲ್ಲಿ ಗುಮಾಸ್ತ, ಪಕ್ಕದ ಕ್ವಾರ್ಟರ್ಸಿನವ, ಅವರಿಗಿಂತ ಹತ್ತು ವರ್ಷ ಚಿಕ್ಕವ. ಒದ್ದೆ ಕಾಗದದ ಮೇಲೆ ನೂರು ಕಾಳು ಸಾಲಾಗಿ ಜೋಡಿಸುವುದು, ಸುತ್ತಿಡುವುದು, ದಿನ ತುಂಬಿದ ಮೇಲೆ ಬಿಚ್ಚಿ ಎಷ್ಟು ಮೊಳೆತವು ಎಂದು ಎಣಿಸುವುದು ಅವರ ಕೆಲಸ. ಮೂವತ್ತಾರು ವರ್ಷ ಅದನ್ನೇ ಮಾಡಿದರು. ಜೋಳದ ಕಾಳನ್ನು ಬೆರಳಲ್ಲಿ ಹಿಡಿದು ಇದು ಮೊಳೆಯುತ್ತದೆ, ಇದು ಮೊಳೆಯುವುದಿಲ್ಲ ಎಂದು ಹೇಳುತ್ತಿದ್ದರು. ದೊಡ್ಡ ಸಾಹೇಬರು ನಗುತ್ತಿದ್ದರು, ಹತ್ತು ದಿನ ಬಿಟ್ಟು ನಗುವುದನ್ನು ನಿಲ್ಲಿಸುತ್ತಿದ್ದರು.

1991ರ ಕತೆಯನ್ನು ಅವರ ಬಾಯಿಂದ ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಪುಣೆಗೆ ಹದಿನೈದು ದಿನದ ತರಬೇತಿಗೆ ಕಳಿಸಿದ್ದರು. ಕೊನೆಯ ದಿನ ಜೊತೆಯವರು ಒಂದು ಬಾಟಲಿ ಬಿಯರು ಕೊಡಿಸಿ, ದಾರಿಗೆಂದು ಇನ್ನೊಂದನ್ನು ಕೈಗಿಟ್ಟರು. ಒದ್ದೆ ಟವೆಲಿನಲ್ಲಿ ಸುತ್ತಿಕೊಂಡು ರೈಲಿನಲ್ಲಿ ಯಾದಗಿರಿಗೆ ಬಂದು, ಬಸ್ಸು ಹಿಡಿದು ಮನೆ ಸೇರುವಷ್ಟರಲ್ಲಿ ಅದರ ಚೀಟಿ ನೆನೆದು ಕಿತ್ತುಹೋಗಿತ್ತು. ಅದರ ಹೆಸರೇನೆಂದು ಅವರಿಗೆ ಕಡೆಗೂ ಗೊತ್ತಾಗಲಿಲ್ಲ. ಆ ಸಂಜೆ ಅರ್ಧ ಕುಡಿದು, ಬಾಟಲಿಯ ಬಾಯಿಗೆ ಬಟ್ಟೆ ತುರುಕಿ, ನೀರಿನ ಕೊಡದ ಕೆಳಗಿನ ಹಸಿ ಮರಳಿನಲ್ಲಿ ಇಟ್ಟರು. ಮರುದಿನ ಸಂಜೆ ಉಳಿದದ್ದನ್ನು ಕುಡಿದರು.

"ಮೊದಲನೆ ದಿನ ಬರೇ ಕಹಿ. ಎರಡನೆ ದಿನ ಬ್ಯಾರೇನ ಆಗಿತ್ತು ನೋಡು. ಸ್ವಲ್ಪ ಹುಳಿ, ಸ್ವಲ್ಪ ಹುರಿದ ವಾಸನಿ, ಗಂಟಲಾಗ ತಣ್ಣಗ ಇಳೀತಿತ್ತು. ಗಾಳ್ಯಾಡಿ ಮಾಗಿತ್ತದು" ಎನ್ನುತ್ತಿದ್ದರು.

ಗಾಳಿಯಾಡಿ ಮಾಗುವ ಬಿಯರನ್ನು ನಾನು ಕಂಡಿಲ್ಲ. ಅಂಗಡಿಯ ಬಾಟಲಿಗಳನ್ನು ತೆರೆದು ಒಂದು ದಿನ ಇಟ್ಟು ನೋಡಿದರು. ಗ್ಯಾಸು ಹೋದ ಸೋಡಾದಂತಾದವು. ಆಮೇಲೆ ಸುಮ್ಮನಾದರು. 2018ರಲ್ಲಿ ಮಗಳು ಪರಿಮಳಾ ದೊಡ್ಡ ಫೋನು ಕೊಡಿಸಿದ್ದೇ ತಪ್ಪಾಯಿತು. ಮನೆಯಲ್ಲೇ ಬಿಯರು ಮಾಡುವ ವಿಡಿಯೋಗಳನ್ನು ನೋಡಿ ನೋಡಿ, ಒಂದು ದಿನ ನನ್ನನ್ನು ಕರೆದು, "ಇದರಾಗ ಮೊದಲನೆ ಕೆಲಸ ಕಾಳು ಮೊಳಕಿ ಬರಿಸೋದು. ಅದೊಂದು ನನಗ ಯಾರೂ ಕಲಿಸೋದು ಬ್ಯಾಡ" ಎಂದರು.

ಶಿರವಾಳದಿಂದ ಬಿಳಿಜೋಳ ತರಿಸುತ್ತಿದ್ದರು. ನೆನೆಸಿ, ಒದ್ದೆ ಗೋಣಿಯಲ್ಲಿ ಮೂರು ದಿನ ಮೊಳಕೆ ಬರಿಸಿ, ಮಾಳಿಗೆಯ ಬಿಸಿಲಿಗೆ ಒಣಗಿಸಿ, ಬೇರು ತಿಕ್ಕಿ ತೆಗೆದು, ಹಂಚಿನ ಮೇಲೆ ಬೆಚ್ಚಗೆ ಹುರಿದು, ಗಿರಣಿಯಲ್ಲಿ ರವೆಯಂತೆ ಒಡೆಸುತ್ತಿದ್ದರು. ಬಿಸಿನೀರಿನಲ್ಲಿ ಕಲಸಿಟ್ಟು ಸೋಸಿ, ಬೆಂಗಳೂರಿನಿಂದ ಪೋಸ್ಟಿನಲ್ಲಿ ಬರುವ ಕಹಿ ಹೂವು ಹಾಕಿ ಕುದಿಸಿ, ಆರಿಸಿ, ಹುದುಗು ಬೆರೆಸಿ ಹಿಂದಿನ ಕೋಣೆಯಲ್ಲಿ ಒದ್ದೆ ಬಟ್ಟೆ ಸುತ್ತಿ ಇಡುತ್ತಿದ್ದರು. ಇದನ್ನು ಕಾನೂನು ಒಪ್ಪುವುದಿಲ್ಲವೆಂದು ನಮ್ಮಿಬ್ಬರಿಗೂ ಗೊತ್ತಿತ್ತು. ಇಬ್ಬರೂ ಸರ್ಕಾರಿ ನೌಕರರು. ಆ ಭಯ ನನಗಿತ್ತು, ಅವರಿಗಿರಲಿಲ್ಲ.

ರುಚಿ ನೋಡುವವರು ನಾವು ಮೂವರು. ನನ್ನ ನಾಲಿಗೆಗೆ ಅವರ ಹತ್ತಿರ ಕಿಮ್ಮತ್ತಿರಲಿಲ್ಲ. ನನಗೆ ಅಂಗಡಿಯ ಸ್ಟ್ರಾಂಗು, ಹಲ್ಲು ಜುಮ್ಮೆನ್ನುವಷ್ಟು ತಣ್ಣಗಿದ್ದರೆ ಸಾಕು. "ನೀ ಕುಡಿಯೋದು ಬರ್ಫು" ಎಂದು ಅವರು ಹಂಗಿಸುತ್ತಿದ್ದರು. ಅವರು ನಂಬುತ್ತಿದ್ದದ್ದು ಕುಡಿಯದವರನ್ನು. ಹೈಸ್ಕೂಲು ಮಾಸ್ತರು ಬುದ್ಧಪ್ರಿಯ ಪಂಚಶೀಲ ಪಾಲಿಸುವವರು, ಮಾದಕ ಪದಾರ್ಥ ಮುಟ್ಟುವುದಿಲ್ಲ. ಮೂಸಿ ನೋಡಬಾರದೆಂದು ಎಲ್ಲೂ ಹೇಳಿಲ್ಲವೆಂಬುದು ಅವರ ವಾದ. ಲೋಟ ಮೂಗಿನ ಹತ್ತಿರ ಹಿಡಿದು, ಕಾಳು ಎಷ್ಟು ಹುರಿದಿದೆ, ಹೂವು ಯಾವಾಗ ಬಿದ್ದಿದೆ ಎಂದು ಹೇಳುತ್ತಿದ್ದರು. ಅವರಿಗೆ ಕಹಿ ವಾಸನೆ ಇಷ್ಟ. ಒಂದು ಸಲ ಬೇವಿನ ಹೂ ಹಾಕಿಸಿದರು. ಅದನ್ನು ಕುಡಿದವ ನಾನು.

ಪ್ರತಿ ಸಲದ್ದಕ್ಕೂ ನೋಟ್‌ಬುಕ್ಕಿನಲ್ಲಿ ಒಂದು ಪುಟ. ಕಾಳು ಎಷ್ಟು, ಬಿಸಿ ಎಷ್ಟು, ದಿನ ಎಷ್ಟು, ಎಲ್ಲ ಬೀಜ ಪರೀಕ್ಷೆಯ ಅಚ್ಚುಕಟ್ಟಿನಲ್ಲಿ. ಪುಟದ ಕೊನೆಗೆ ಒಂದೇ ಮಾತು: "ಅದಲ್ಲ." ಹದಿನಾರು ಪುಟಗಳು, ಹದಿನಾರು "ಅದಲ್ಲ".

ಇಲ್ಲಿ ಅಂಬಲಿಯ ವಿಷಯ ಹೇಳಬೇಕು. ಅವರ ಹೆಂಡತಿ ದೇವಕಮ್ಮ ಸುರಪುರದ ಕಡೆಯವರು, ಬೇಸಿಗೆಯಲ್ಲಿ ಅಂಬಲಿಯಿಲ್ಲದೆ ಆಕೆಗೆ ದಿನ ಹೋಗದು. ರಾತ್ರಿ ಜೋಳದ ಅಂಬಲಿ ಕುದಿಸಿ ಮಡಕೆಯಲ್ಲಿಟ್ಟರೆ ಬೆಳಿಗ್ಗೆಗೆ ಹುಳಿ ಬಂದು ಮೇಲೆ ತಿಳಿ ನಿಂತಿರುತ್ತದೆ. ಆ ಮಡಕೆ ಅವರ ಮನೆಯಲ್ಲಿ ಯಾವಾಗಲೂ ಇತ್ತು. ಮರಿಲಿಂಗಪ್ಪನವರು ಅದರತ್ತ ನೋಡುತ್ತಲೂ ಇರಲಿಲ್ಲ. ಕಾಲೇಜಿನಲ್ಲಿ ಒಮ್ಮೆ ಸಿರಿಧಾನ್ಯ ಮೇಳ ಮಾಡಿ, ಬಂದ ಸಾಹೇಬರಿಗೆಲ್ಲ ಕಾಗದದ ಲೋಟದಲ್ಲಿ ಅಂಬಲಿ ಕೊಟ್ಟೆವು. ಎಲ್ಲರೂ ಆಹಾ ಎಂದರು. ಇವರು ಎದ್ದು ಹೋದರು. ಹಿಂದೆ ಹೋಗಿ ಕೇಳಿದೆ.

"ನಮ್ಮವ್ವ ಗೌಡರ ಹೊಲಕ್ಕ ಹೋಗ್ತಿದ್ಲು. ನಾನೂ ಹೋಗ್ತಿದ್ದೆ. ಮಧ್ಯಾಹ್ನ ಅಂಗಳದಾಗ ಕುಂತು ಬೊಗಸಿ ಹಿಡೀಬೇಕು. ಮ್ಯಾಲಿಂದ ಅಂಬ್ಲಿ ಹಾಕ್ತಿದ್ರು. ಪಾತ್ರಿ ನಮ್ಮ ಕೈಗಿ ತಾಕಬಾರದಲ್ಲ. ಮೊಣಕೈ ತನಾ ಸುರೀತಿತ್ತು. ಮೊದಲನೆ ಪಗಾರ ಬಂದ ದಿನ ಬಿಟ್ಟೆ, ಇನ್ನ ಮುಟ್ಟಿಲ್ಲ."

ನಮ್ಮೂರಲ್ಲಿ ನಮ್ಮ ಮನೆಯ ಅಂಗಳದಲ್ಲೂ ಹಾಗೇ ಹಾಕುತ್ತಿದ್ದರು. ಹತ್ತು ವರ್ಷದವನಿದ್ದಾಗ ಅಜ್ಜಿ ನನ್ನ ಕೈಗೆ ಅಂಬಲಿ ತುಂಬಿದ ಚರಿಗೆ ಕೊಟ್ಟು, "ಮ್ಯಾಲ ಹಿಡಿ, ಇನ್ನೂ ಮ್ಯಾಲ" ಎಂದು ಕಲಿಸಿದ್ದು ನನಗೆ ನೆನಪಿದೆ. ಮರಿಲಿಂಗಪ್ಪನವರಿಗೆ ಅದನ್ನು ಹೇಳುವಷ್ಟು ಧೈರ್ಯ ನನಗೆ ಆ ದಿನ ಬರಲಿಲ್ಲ, ಆಮೇಲೂ ಬರಲಿಲ್ಲ. ನಾಚಿಕೆಯಾಗಿತ್ತು.

2024ರ ಮೇ ಕೊನೆಗೆ ಅವರ ನಿವೃತ್ತಿ. ಕ್ವಾರ್ಟರ್ಸು ಖಾಲಿ ಮಾಡಿ ಶಹಾಪುರದಲ್ಲಿ ಎರಡು ಕೋಣೆಯ ಬಾಡಿಗೆ ಮನೆಗೆ ಹೋಗುವುದೆಂದಾಯಿತು. ಮನೆಯ ಮಾಲೀಕ ಜಗದೇವಪ್ಪ ಮೊದಲನೆಯ ಭೇಟಿಯಲ್ಲೇ ಮನೆಯೊಳಗೆ ಮಾಂಸ, ಮದ್ಯ ನಡೆಯುವುದಿಲ್ಲವೆಂದು ಹೇಳಿದ್ದ. ಹಿಂದಿನ ತಂಪು ಕೋಣೆಯೂ ಅಲ್ಲಿರಲಿಲ್ಲ. ಏಪ್ರಿಲಿನಲ್ಲಿ ಹದಿನೇಳನೆಯ ಸಲಕ್ಕೆ ಜೋಳ ನೆನೆಸುತ್ತ ಮರಿಲಿಂಗಪ್ಪನವರು ನನಗೆ ಹೇಳಿದರು: "ಇದು ಕಡೀದು. ಬಂದ್ರ ಬಂತು. ಬರಲಿಲ್ಲಂದ್ರ ಪಾತ್ರಿ ಎಲ್ಲಾ ಯಾರಿಗರ ಕೊಟ್ಟುಬಿಡ್ತೀನಿ. ಸಾಯೋದ್ರಾಗ ಆ ರುಚಿ ಒಮ್ಮಿ ನೋಡಬೇಕಂತಿತ್ತು, ಅಷ್ಟ." ಅಷ್ಟೇ ಎಂದರು, ಆದರೆ ಅವರ ದನಿ ಅಷ್ಟೇ ಎನ್ನುವಂತಿರಲಿಲ್ಲ.

ಬಾಟಲಿ ತೆರೆಯಲು ಎರಡು ದಿನವಿರುವಾಗ ನಳದ ಹತ್ತಿರ ದೇವಕಮ್ಮ ನನ್ನನ್ನು ನಿಲ್ಲಿಸಿದರು.

"ತಮ್ಮಾ, ಒಂದ್ ಮಾತದ. ಯಾರ ಮುಂದೂ ಹೇಳಬ್ಯಾಡ. ಆಗಿನ ಆ ಬಾಟ್ಲಿ ನಾ ಕೆಡವಿದ್ದೆ."

"ಯಾವ ಬಾಟ್ಲಿ, ಅಕ್ಕಾ?"

"ಪುಣೆದು. ಮುಂಜಾನಿ ನೀರಿನ ಕೊಡ ಎತ್ತುವಾಗ ಉರುಳಿತು. ಉಳಿದಿದ್ರಾಗ ಅರ್ಧ ಮರಳಿಗಿ ಹೋತು. ಮದಿವ್ಯಾಗಿ ಎರಡ್ ತಿಂಗಳಾಗಿರಲಿಲ್ಲ, ಬೈತಾರಂತ ಅಂಜಿಕಿ. ಮಡಿಕ್ಯಾಗಿನ ಅಂಬ್ಲಿ ತಿಳಿ ಸೋಸಿ ತುಂಬಿ ಇಟ್ಟೆ. ಸಂಜಿಕಿ ಕುಡದ್ರು, ನಿನ್ನಿಗಿಂತ ಇವತ್ತ ಚೊಲೊ ಆಗ್ಯದ ಅಂದ್ರು. ಅದಾದಮ್ಯಾಲ ಹ್ಯಾಂಗ ಹೇಳಲಿ?"

ನಾನು ಬಕೀಟು ಕೆಳಗಿಟ್ಟೆ. ಮೂವತ್ತಮೂರು ವರ್ಷ ಆ ಮನುಷ್ಯ ಊರೂರು ಹುಡುಕಿದ ರುಚಿ ಅವರ ಒಲೆಯ ಪಕ್ಕದಲ್ಲೇ ದಿನಾ ಹುಳಿಯುತ್ತ ಕೂತಿತ್ತು.

"ಈಗ ಹೇಳಲೋ ಬ್ಯಾಡೋ?" ಎಂದು ಕೇಳಿದರು. "ಹೇಳಿದ್ರ, ಯಾವುದು ಬಿಟ್ಟು ಓಡಿ ಬಂದಾರೋ ಅದನ್ನ ನಾನ ಕುಡಿಸೀನಿ ಅಂತಾಗ್ತದ. ಹೇಳದಿದ್ರ ಸೋತು ಈ ಮನಿ ಬಿಡ್ತಾರ."

"ಬ್ಯಾಡ ಅಕ್ಕಾ, ಸುಮ್ಮನಿರು" ಎಂದೆ. ಯೋಚಿಸಿ ಹೇಳಿದ್ದಲ್ಲ. ಅಂಬಲಿಯ ಮಾತು ಎದ್ದರೆ ನನ್ನ ಚರಿಗೆಯ ಮಾತೂ ಎದ್ದೀತೆಂದು ನನಗೆ ಭಯ. ಆಕೆ ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿ, ಕೊಡ ಎತ್ತಿಕೊಂಡು ಹೋದರು.

ಶನಿವಾರ ಸಂಜೆ ಹದಿನೇಳನೆಯದನ್ನು ತೆರೆದರು. ಒಣಗಿದ ದಂಟಿನ ಬಣ್ಣ, ಮೇಲೆ ಬೆರಳುದ್ದ ನೊರೆ. ಬುದ್ಧಪ್ರಿಯ ಮಾಸ್ತರು ಮೂಸಿ, "ಹುರಿದದ್ದು ಹದವಾಗ್ಯದ, ಹೂವು ಹದವಾಗ್ಯದ. ತಪ್ಪು ತಗೀಲಿಕ್ಕಿ ಜಾಗಿಲ್ಲ" ಎಂದರು. ನಾನು ಕುಡಿದೆ. ಅಂಗಡಿಯ ಸ್ಟ್ರಾಂಗಿನ ಮೇಲೆ ನನಗೆ ಮೊದಲ ಸಲ ಬೇಸರ ಬಂತು, ಅಷ್ಟು ಚೆನ್ನಾಗಿತ್ತು.

ಮರಿಲಿಂಗಪ್ಪನವರು ಎರಡು ಗುಟುಕು ಕುಡಿದು ಲೋಟ ಕೆಳಗಿಟ್ಟರು.

"ಚೊಲೊ ಅದ" ಎಂದರು. ನೋಟ್‌ಬುಕ್ಕು ತೆಗೆದು, ಹದಿನೇಳನೆಯ ಪುಟದ ಕೊನೆಗೆ "ಅದಲ್ಲ" ಎಂದು ಬರೆದು, ಅದನ್ನು ಕಟ್ಟಿಟ್ಟ ಪುಸ್ತಕಗಳ ಗಂಟಿನೊಳಗೆ ತುರುಕಿದರು. ಅರ್ಧ ಉಳಿದ ಬಾಟಲಿ ಹಾಗೇ ಟೇಬಲಿನ ಮೇಲಿತ್ತು. ನಾವಿಬ್ಬರೂ ಎದ್ದು ಬಂದೆವು.

ಭಾನುವಾರ ಸಂಜೆ ಸಾಮಾನು ಕಟ್ಟಲು ನಾನೂ ಮಾಸ್ತರೂ ಮತ್ತೆ ಹೋದೆವು. ಮರಿಲಿಂಗಪ್ಪನವರು ಟ್ರಂಕಿನ ಮೇಲೆ ಕೂತಿದ್ದರು. ದೇವಕಮ್ಮ ಒಳಗಿನಿಂದ ನಿನ್ನೆಯ ಬಾಟಲಿ ತಂದು, ಅದರಲ್ಲಿದ್ದದ್ದನ್ನು ಸ್ಟೀಲಿನ ಲೋಟಕ್ಕೆ ಬಗ್ಗಿಸಿದರು.

"ಇದೊಂದ್ ಉಳದದರಿ. ಚೆಲ್ಲೋದ್ಯಾಕ, ಕುಡೀರಿ."

ಮರಿಲಿಂಗಪ್ಪನವರು ಅಭ್ಯಾಸದಂತೆ ಲೋಟವನ್ನು ಮೊದಲು ಮಾಸ್ತರಿಗೆ ಕೊಟ್ಟರು. ಮಾಸ್ತರು ಮೂಸಿದರು. ಅವರ ಮೂಗಿಗೆ ಗೊತ್ತಾಗದೆ ಇದ್ದೀತೆ? ದೇವಕಮ್ಮನ ಕಡೆ ಒಮ್ಮೆ ನೋಡಿದರು. ಪಂಚಶೀಲದಲ್ಲಿ ಸುಳ್ಳೂ ಹೇಳಬಾರದು. "ಇದನ್ನ ನೀವ ಕುಡದು ನೋಡಬೇಕ್ರಿ" ಎಂದಷ್ಟೇ ಹೇಳಿ ಲೋಟ ಮರಳಿ ಕೊಟ್ಟರು.

ಮರಿಲಿಂಗಪ್ಪನವರು ಒಂದು ಗುಟುಕು ಕುಡಿದರು. ಇನ್ನೊಂದು ಗುಟುಕು ಬಾಯಲ್ಲೇ ಇಟ್ಟುಕೊಂಡು ಕೂತರು. ನುಂಗಿದ ಮೇಲೆ ಕಣ್ಣು ಒದ್ದೆಯಾಗಿತ್ತು. "ಇದ" ಎಂದರು. ಲೋಟದೊಳಗೆ ನೋಡಿ ಮತ್ತೆ, "ಇದ ಅದು" ಎಂದರು.

ಆಮೇಲೆ ಹೆಂಡತಿಯ ಮುಖ ನೋಡಿದರು. ಮೂವತ್ತಾರು ವರ್ಷ ಕಾಳು ಪರೀಕ್ಷಿಸಿದವರು.

"ಏನ್ ಹಾಕೀದಿ ಇದಕ್ಕ?"

ದೇವಕಮ್ಮ ಬಾಗಿಲಿಗೆ ಒರಗಿ ನಿಂತು, ಕೊಡ ಎತ್ತಿದ್ದು, ಬಾಟಲಿ ಉರುಳಿದ್ದು, ಅಂಬಲಿಯ ತಿಳಿ ಸೋಸಿದ್ದು, ಎಲ್ಲ ಹೇಳಿದರು. ಒಂದು ಮಾತನ್ನೂ ಬಿಡಲಿಲ್ಲ, ಸೇರಿಸಲಿಲ್ಲ. ನಾನು ಹಗ್ಗದ ಗಂಟು ನೋಡುತ್ತ ಕೂತಿದ್ದೆ.

"ಇಷ್ಟ್ ವರ್ಷ ಹೇಳಲಿಲ್ಲ" ಎಂದರು ಅವರು.

"ಹೇಳಿದ್ರ ಮಡಿಕಿ ಅಂಗಳಕ್ಕ ಒಗೀತಿದ್ರಿ."

"ಒಗೀತಿದ್ದೆ" ಎಂದು ಒಪ್ಪಿಕೊಂಡರು. ಲೋಟದಲ್ಲಿ ಉಳಿದದ್ದನ್ನು ನೋಡಿದರು. ಬೈಯುತ್ತಾರೆಂದು ನಾನು ಕಾದೆ. ಆಕೆಯೂ ಕಾದರು. ಅವರು ಉಳಿದದ್ದನ್ನು ಪೂರ್ತಿ ಕುಡಿದು, ಖಾಲಿ ಲೋಟವನ್ನು ಕೈಯಲ್ಲೇ ಹಿಡಿದುಕೊಂಡು ಕೇಳಿದರು: "ಮಡಿಕ್ಯಾಗ ಇನ್ನ ಅದ ಏನು?"

"ಅದರಿ."

"ಬರೇ ಅದನ್ನ ಕೊಡು. ಲೋಟದಾಗ."

ದೇವಕಮ್ಮ ಅಲ್ಲಾಡಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದರು. ಏನಾದರೂ ಮಾಡಬೇಕೆನಿಸಿ ನಾನೇ ಒಳಗೆ ಹೋದೆ. ಪಾತ್ರೆಗಳನ್ನೆಲ್ಲ ಕಟ್ಟಿ ಆಗಿತ್ತು, ಮಡಕೆಯ ಪಕ್ಕ ಒಂದು ಚರಿಗೆ ಮಾತ್ರ ಉಳಿದಿತ್ತು. ಅದರಲ್ಲಿ ಅಂಬಲಿ ತುಂಬಿಕೊಂಡು ಬಂದು, ಅವರು ಹಿಡಿದ ಲೋಟಕ್ಕೆ ಬಗ್ಗಿಸಿದೆ. ಅಂಬಲಿ ಲೋಟದ ಅಂಚಿಗೆ ಬಡಿದು ಅವರ ಬೆರಳಿನ ಮೇಲೆ ಚೆಲ್ಲಿ ಮಣಿಕಟ್ಟಿಗೆ ಹರಿಯಿತು. ಆಗ ನೋಡಿದೆ, ನನ್ನ ಕೈ ಒಂದು ಮೊಳ ಮೇಲಿತ್ತು. ನಾನು ಎತ್ತಿ ಹಿಡಿದಿರಲಿಲ್ಲ. ಅದು ತಾನಾಗಿ ಅಲ್ಲಿಗೆ ಹೋಗಿತ್ತು.

ಮರಿಲಿಂಗಪ್ಪನವರು ಮುಖ ಎತ್ತಿ ನನ್ನ ಕೈ ನೋಡಿದರು, ಆಮೇಲೆ ನನ್ನನ್ನು ನೋಡಿದರು. ಅವರಿಗೆ ಎಲ್ಲ ತಿಳಿಯಿತೆಂದು ನನಗೆ ತಿಳಿಯಿತು.

"ಕೆಳಗ ಹಿಡಿ, ರೇವಣಸಿದ್ದ" ಎಂದರು. "ಚೆಲ್ಲಾಕತ್ತದ."

ಚರಿಗೆಯ ತುಟಿ ಲೋಟದ ಅಂಚಿಗೆ ತಾಗುವವರೆಗೆ ನಾನು ಕೈ ಇಳಿಸಿದೆ.