ಕೌದಿಯ ಹಿಂದಿನ ಫೋನು

ಗಿರಿಜಾ, ಆ ವರ್ಷ ವಿನಯನ ಟಿವಿ ಆಟ ದಿನಾ ಸಂಜೆ ಕಡಿದು ಬೀಳುತ್ತಿದ್ದದ್ದು ನಿನ್ನಿಂದಲ್ಲ, ನನ್ನಿಂದ. ನೀನು ನಿಮ್ಮವ್ವನ ಜೊತೆ ಮಾತಾಡುವಾಗ ನಾನು ಕೋಣೆಯಲ್ಲಿ ಇನ್ನೊಂದು ಫೋನು ಎತ್ತಿ ಕದ್ದು ಕೇಳುತ್ತಿದ್ದೆ. ಹೇಳಿದೆ — ಇನ್ನು ಉಳಿದದ್ದನ್ನೂ ಹೇಳುತ್ತೇನೆ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಿನ್ನ ಅತ್ತೆ. ಅಕ್ಷರ ತಪ್ಪಿದ್ದರೆ ತಿದ್ದಿಕೊಂಡು ಓದು.

ನಮ್ಮ ಬಸವರಾಜ ದಾವಣಗೆರೆಯಿಂದ ಮಗನಿಗೆ ಆ ಆಟದ ಪೆಟ್ಟಿಗೆ ತಂದಿದ್ದ. ಟಿವಿಗೆ ಜೋಡಿಸಿ, ಫೋನಿನ ತಂತಿಯಿಂದಲೇ ಇಂಟರ್ನೆಟ್ಟು ಹಚ್ಚಿ, ಯಾವುದೋ ಊರಲ್ಲಿ ಕೂತ ಹುಡುಗರ ಜೊತೆ ವಿನಯ ಚೆಂಡಾಟ ಆಡುತ್ತಿದ್ದ. ಶಾಲೆ ಬಿಟ್ಟು ಐದಕ್ಕೆ ಶುರು. ಅದೇ ಐದಕ್ಕೆ ಹಡಗಲಿಯಲ್ಲಿ ನಿಮ್ಮವ್ವ ಹೊಲದಿಂದ ಬಂದು, ಕೈಕಾಲು ತೊಳೆದು, ಎಸ್‌ಟಿಡಿ ಅಂಗಡಿಯಿಂದ ನಿನಗೆ ಫೋನ್ ಹಚ್ಚುತ್ತಿದ್ದಳು. ಪಡಸಾಲೆಯಲ್ಲಿ ನಿಂತೇ ಮಾತಾಡುತ್ತಿದ್ದೆ ನೀನು — ಕೂರುತ್ತಿರಲಿಲ್ಲ.

ಹೊಸ ಫೋನು ಬಂದಾಗ ಹಳೆಯದನ್ನು ಅದೇ ಲೈನಿಗೆ ಜೋಡಿಸಿ ನನ್ನ ಕೋಣೆಗೆ ಹಾಕಿದ್ದರು, ನೆನಪಿದೆಯೇ? ಅದರ ಗಂಟೆ ಕೆಟ್ಟಿತು. ಫೋನೇ ಕೆಟ್ಟಿದೆ ಎಂದು ಹೇಳಿ ಕೌದಿಗಳ ಹಿಂದೆ ತಳ್ಳಿದೆ. ಗಂಟೆ ಮಾತ್ರ ಕೆಟ್ಟಿತ್ತು. ಕಿವಿಗೆ ಹಿಡಿದರೆ ಎಲ್ಲ ಕೇಳುತ್ತಿತ್ತು. ನನ್ನ ಬಗ್ಗೆ ತವರಿಗೆ ಏನು ಹೇಳುತ್ತೀಯೋ ಎಂದು ಕೇಳಲು ಎತ್ತಿದ್ದು ಮೊದಲ ದಿನ. ಆಮೇಲೆ ದಿನವೂ. ಕೋಳಿ ಮರಿ ಮಾಡಿದ್ದು, ನಿಮ್ಮವ್ವನ ಮೊಣಕಾಲು, ಮೆಂತ್ಯದ ಸೊಪ್ಪು… ಒಂದು ದಿನವೂ ನನ್ನ ಹೆಸರು ಬರಲಿಲ್ಲ. ಅದಕ್ಕೂ ನನಗೆ ಸಿಟ್ಟು ಬರುತ್ತಿತ್ತು.

ಇತ್ತ ಆಟ ಕಡಿಯುತ್ತಿತ್ತು. ಇಂಟರ್ನೆಟ್ಟಿನ ಹಸಿರು ದೀಪದ ಡಬ್ಬಿಯನ್ನು ಆರಿಸಿ ಹಚ್ಚಿದರು, ಕಿಟಕಿಯ ಹತ್ತಿರ ಇಟ್ಟರು, ವೈರು ಬದಲಿಸಿದರು. ಕಂಬದಿಂದ ಮನೆಯವರೆಗಿನ ತಂತಿಯನ್ನೂ ಹೊಸದು ಎಳೆಸಿದರು. ನಾನು ಡಬ್ಬಿಗೆ ವಿಭೂತಿ ಹಚ್ಚಿ, ನಿಂಬೆಹಣ್ಣು ಇಳಿಸಿ ದೃಷ್ಟಿ ತೆಗೆದೆ — ಆಗ ನನಗೆ ನಿಜಕ್ಕೂ ಗೊತ್ತಿರಲಿಲ್ಲ. ರಿಪೇರಿಯ ರಸೂಲ್ ಬಂದು, ಪಡಸಾಲೆಯ ಫೋನಿಗೆ ಇಂಟರ್ನೆಟ್ಟನ್ನೂ ಮಾತನ್ನೂ ಬೇರೆ ಮಾಡುವ ಸಣ್ಣ ಡಬ್ಬಿ ಇದೆ, ಮಾತಾಡಿದರೆ ಕಡಿಯಬಾರದು ಎಂದ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಯಾಕೆಂದರೆ ವಿನಯ ಆಟ ಬಿದ್ದ ಹೊತ್ತನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದಿದ್ದ. ಪ್ರತಿಯೊಂದರ ಮುಂದೆ ಒಂದೇ ಮಾತು: ಅಮ್ಮ ಫೋನಿನಲ್ಲಿ.

ಬಸವರಾಜ ಅದನ್ನು ಓದಿ ನಿನಗೆ ಹೇಳಿದ್ದು ನನ್ನ ಎದುರಿಗೇ.

"ಇನ್ನ ಸಂಜಿಮುಂದ ಹಡಗಲಿ ಫೋನ್ ಬ್ಯಾಡ. ನಿಮ್ಮವ್ವಗ ಹೇಳಿಬಿಡು."

ನೀನು ಹೂಂ ಎಂದೆ. ಬೇರೆ ಹೊತ್ತಿನಲ್ಲಿ ಆಕೆಗೆ ಅಂಗಡಿಗೆ ಬರಲು ಆಗುತ್ತಿರಲಿಲ್ಲ. ಮರುದಿನದಿಂದ ಆಟ ಒಂದು ಸಲವೂ ಕಡಿಯಲಿಲ್ಲ. ನೋಡಿದಿರಾ, ಎಂದ ಬಸವರಾಜ. ನಾನೂ ನೋಡಿದೆ.

ಹದಿನೈದು ದಿನ ಕಳೆದಿರಬೇಕು. ನನ್ನ ಕೋಣೆಯ ಫ್ಯಾನು ನಿಂತಿತೆಂದು ರಸೂಲ್ ಬಂದ. ಸ್ಟೂಲು ಹತ್ತಿದವನು ಗೋಡೆಯ ಮೇಲಿನ ವೈರು ನೋಡಿದ, ಅದರ ಗುಂಟ ಕಣ್ಣು ಇಳಿಸಿದ, ಇಳಿದು ಬಂದು ಕೌದಿ ಸರಿಸಿದ.

"ಅಮ್ಮಾರ, ಈ ಫೋನಿಗಿ ಆ ಸಣ್ಣ ಡಬ್ಬಿ ಇಲ್ರಿ. ಇದನ್ನ ಎತ್ತಿದ್ರ ಇಂಟರ್ನೆಟ್ ಕಡೀತೈತಿ. ಯಾರು ಎತ್ತತಾರ ಇದನ್ನ?"

ಗಿರಿಜಾ, ಗಂಡ ಸತ್ತ ಸುದ್ದಿ ಬಂದಾಗಲೂ ನಿಂತೇ ಇದ್ದವಳು ನಾನು. ಅವತ್ತು ಮಂಚದ ಮೇಲೆ ಕೂತುಬಿಟ್ಟೆ. ಕದ್ದು ಕೇಳಿದ್ದು ಕೆಟ್ಟದ್ದೆಂದು ಗೊತ್ತಿತ್ತು. ಆದರೆ ನನ್ನ ಕೈ ಎತ್ತಿದ್ದಕ್ಕೆ ನಿನ್ನ ಬಾಯಿ ಕಟ್ಟಿದರೆಂದು… ಅದು ತಲೆಗೆ ಹೋಗಲು ಹೊತ್ತು ಹಿಡಿಯಿತು. ಹೋದ ಮೇಲೆ ನಾನು ಆಡಿದ ಮಾತು ಇದು:

"ಫ್ಯಾನ್ ರಿಪೇರಿಗಿ ಬಂದೀ, ಫ್ಯಾನ್ ನೋಡು."

"ನೋಡ್ತೀನ್ರಿ. ಗಿರಿಜಕ್ಕಾರ ಮ್ಯಾಲೆ ಸುಮ್ನ ತಪ್ಪು ಬಂತಲ್ರಿ, ಅದಕ್ಕ ಕೇಳಿದೆ."

ಫ್ಯಾನು ಸರಿಮಾಡಿದ. ಹೋಗುವಾಗ ಆ ವೈರನ್ನು ತಾನೇ ಕಿತ್ತು, ಸುತ್ತಿ, ನನ್ನ ಮಂಚದ ಮೇಲೆ ಇಟ್ಟು ಹೋದ. ಹೇಳಬೇಕಾದವಳು ನಾನೇ ಎಂದಂತಿತ್ತು. ನಾನು ಅದನ್ನು ಒಲೆಗೆ ಹಾಕಿದೆ. ಕೆಟ್ಟ ನಾತ ಬಂತು. ನೀನು ಬಂದು ಏನು ಸುಟ್ಟಿತು ಅತ್ತಿ ಎಂದು ಕೇಳಿದೆ. ನಾನು ಏನಿಲ್ಲ ಎಂದೆ.

ದೀಪಾವಳಿಗೆ ನಿಮ್ಮವ್ವ ಬಂದಳು. ನೀನು ಆಕೆಗೆ ಕಾರಣ ಹೇಳಿರಲಿಲ್ಲ. ಗಂಡನ ಮನೆಯ ಮಾತು ತವರಿಗೆ ಒಯ್ಯಬಾರದೆಂದು ನಿನಗೆ ಕಲಿಸಿದವಳೂ ನಾನೇ. ನೀನು ಹಿತ್ತಲಲ್ಲಿದ್ದಾಗ ಆಕೆ ನನ್ನ ಪಕ್ಕ ಕೂತು ಕೇಳಿದಳು.

"ಬೀಗರ, ಮಗಳಿಗಿ ನಾನು ಏನರ ಅಂದೀನೇನ್ರಿ? ಪುರಸೊತ್ತಿಲ್ಲ ಅಂತಾಳ. ನಿಮಗರ ಗೊತ್ತೈತೇನ್ರಿ?"

ಗೊತ್ತಿಲ್ಲ ಎಂದೆ. ಬಾಯಿಗೆ ಅಷ್ಟು ಸಲೀಸಾಗಿ ಬಂತು ಅದು.

ನಿನ್ನ ಕೈಗೆ ಮೊಬೈಲು ಬರಲು ಎರಡು ವರ್ಷ ಹಿಡಿಯಿತು. ಅಷ್ಟರಲ್ಲಿ ನಿಮ್ಮವ್ವನ ಕಿವಿ ಮಂದವಾಗಿತ್ತು. ಈಗ ಪೂರಾ ಹೋಗಿದೆ. ನೀನು ಮೊಬೈಲು ಹಿಡಿದು ಅವ್ವಾ, ಅವ್ವಾ ಎಂದು ಕೂಗುವುದು ನನ್ನ ಕೋಣೆಗೆ ಕೇಳುತ್ತದೆ — ಎತ್ತಿ ಕೇಳಬೇಕಾಗಿಲ್ಲ. ಆ ಕಡೆ ಆಕೆಗೆ ಕೇಳುವುದಿಲ್ಲ. ಆಕೆಗೆ ಕಿವಿ ಕೇಳುತ್ತಿದ್ದ ಕೊನೆಯ ಎರಡು ವರ್ಷ ನಾನು ತಿಂದೆ.

ಬಾಯಲ್ಲೇ ಹೇಳಬಹುದಿತ್ತು ನಿನಗೆ. ಬರೆದದ್ದು ಆಕೆಗೋಸ್ಕರ. ನನಗಿಂತ ಎರಡು ಕ್ಲಾಸು ಹೆಚ್ಚು ಓದಿದವಳು, ಕಣ್ಣು ಇನ್ನೂ ಚೆನ್ನಾಗಿದೆ. ನೀನು ಓದಿ ಮುಗಿಸಿ ನನಗೆ ವಾಪಸು ಕೊಡು. ಸೋಮವಾರ ಬೆಳಿಗ್ಗೆಯ ಬಸ್ಸಿಗೆ ಹಡಗಲಿಗೆ ಹೋಗುತ್ತೇನೆ. ಈ ಕಾಗದವನ್ನು ಆಕೆಯ ಕೈಗೆ ಕೊಟ್ಟು, ಓದಿ ಮುಗಿಯುವವರೆಗೂ ಎದುರಿಗೆ ನಿಂತಿರುತ್ತೇನೆ. ಕೂರುವುದಿಲ್ಲ.