ನನ್ನ ಕಾಲು ವಿಚಾರಿಸಲು ಬಂದವರು

ಗೆಳೆಯರೇ, ಬರ್ಮಾ ಯುದ್ಧದಲ್ಲಿ ಗುಂಡು ಹೊಕ್ಕ ನನ್ನ ಮೊಣಕಾಲು ಈಗಲೂ ಮಡಚುವುದಿಲ್ಲ. ಅದಕ್ಕೆ ಸರ್ಕಾರ ಕೊಡುವ ಪಿಂಚಣಿ ಹೆಚ್ಚಿಸಬೇಕೆಂದು ಅರ್ಜಿ ಹಾಕಿದ್ದೆ. ಇಂದು ಅದರ ವಿಚಾರಣೆಗೆ ಮಂಡ್ಯದಿಂದ ಅಧಿಕಾರಿಯೊಬ್ಬರು ನಮ್ಮೂರು ಕೊಪ್ಪಕ್ಕೆ ಬಂದರು. ನಾನು ಕೋಲೂರಿಕೊಂಡು ಅರಳಿಕಟ್ಟೆಯಿಂದ ಮನೆಗೆ ಬರುವಷ್ಟರಲ್ಲಿ, ನನ್ನ ಮದುವೆಗೆಂದು ಹೆಣ್ಣಿನ ಕಡೆಯವರು ವಿಚಾರಿಸಲು ಬಂದಿದ್ದಾರೆಂದುಕೊಂಡ ಅವ್ವ ಅವರಿಗೆ ಹೇಳುತ್ತಿದ್ದಳು: "ಕಾಲ್ಗೇನೂ ಆಗಿಲ್ಲ ಕಣಪ್ಪ! ಎತ್ತಿಗಿಂತ ಮುಂದೆ ಓಡ್ತಾನೆ ನನ್ ಮಗ!"

ಅಧಿಕಾರಿ ಅದನ್ನೇ ಬರೆದುಕೊಂಡರು. ಅವ್ವ ಮಜ್ಜಿಗೆ ತರಲು ಒಳಗೆ ಹೋದಳು.

"ಸ್ವಾಮಿ, ನೀವೇ ನೋಡಿ" ಎಂದು ಪಂಚೆ ಎತ್ತಿ ಮೊಣಕಾಲು ತೋರಿಸಿದೆ.

"ಹೆತ್ತ ತಾಯಿಗಿಂತ ನಿನಗೆ ಹೆಚ್ಚು ಗೊತ್ತೇನಯ್ಯ?" ಎಂದವರೇ ಕಾಗದ ಮಡಚಿಕೊಂಡು ಹೊರಟುಹೋದರು.

ಅವ್ವ ಲೋಟ ಹಿಡಿದು ಬಂದಳು. "ಒಪ್ಕೊಂಡ್ರಾ ಮಗ?"

"ಒಪ್ಕೊಂಡ್ರು ಕಣವ್ವ, ನೀ ಯೋಳಿದ್ನೆಲ್ಲ ಒಪ್ಕೊಂಡ್ರು."